‘ಊಟ ಆತಾ?’ ಬಿಟ್ಟರೆ ಅವ್ವನ ಜೊತೆ ಬೇರೆ ಮಾತೇ ಬರುತ್ತಿಲ್ಲ

ಮನೆಯಿಂದ ಹೊರಗೆ ಹೋಗಲಾಗದೆ ಒಂಟಿಯಾದವರ ಬಗ್ಗೆ ಬಂದ ಮೂರು ಪ್ರಶ್ನೆಗಳಿಗೆ ಧಾರವಾಡದ ಆಪ್ತಸಮಾಲೋಚಕಿಯ ಉತ್ತರ

ಪ್ರಶ್ನೆ: ಮೇಡಂ, ನಮ್ಮ ಅವ್ವನಿಗೆ 71 ವರ್ಷ. ಗದಗ-ಬೆಟಗೇರಿಯಲ್ಲಿ ಅಣ್ಣ, ವೈನಿ ಜೊತೆ ಇದ್ದಾರೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಎಲುಬು ಮುರಿದು ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಮನೆಯೊಳಗೆ ಮಾತ್ರ ಓಡಾಡುತ್ತಾರೆ. ಅಣ್ಣ, ವೈನಿ ಕೆಲಸಕ್ಕೆ ಹೋದರೆ ಸಂಜೆವರೆಗೂ ಒಬ್ಬರೇ. ನಾನು ಬೆಂಗಳೂರಿನಿಂದ ದಿನಾ ಫೋನ್ ಮಾಡುತ್ತೇನೆ. ‘ಊಟ ಆತಾ?’ ಅಂದರೆ ‘ಆತು’. ‘ಆರಾಮ ಅದೀಯಲ್ಲ?’ ಅಂದರೆ ‘ಹೂಂ, ಇಡ್ತೀನಿ’. ಮೊದಲು ಕಸೂತಿ ಹಾಕುತ್ತಿದ್ದರು, ಭಜನೆಗೆ ಹೋಗುತ್ತಿದ್ದರು. ಈಗ ಟಿವಿ ಕೂಡ ಹಚ್ಚುವುದಿಲ್ಲ. ಏನು ಮಾಡಲಿ?

ಉತ್ತರ: ನೀವು ದಿನಾ ಫೋನ್ ಮಾಡುತ್ತಿದ್ದೀರಿ, ಅದೇ ದೊಡ್ಡದು. ಆದರೆ ನೀವು ಕೇಳುವ ಪ್ರಶ್ನೆಗಳನ್ನು ಒಮ್ಮೆ ನೋಡಿ. ಊಟ ಆಯಿತಾ, ಗುಳಿಗೆ ತಗೊಂಡೆಯಾ, ಕಾಲು ನೋವು ಹೇಗಿದೆ. ಎಲ್ಲಾ ಹಾಜರಿ ತೆಗೆದುಕೊಳ್ಳುವ ಪ್ರಶ್ನೆಗಳೇ ಅಲ್ವಾ? ಐವತ್ತು ವರ್ಷ ಮನೆ ನಡೆಸಿದ ಹೆಣ್ಣುಮಗಳಿಗೆ ಈಗ ದಿನವಿಡೀ ಸಿಗುವುದು ಇಂಥ ವಿಚಾರಣೆ ಮಾತ್ರ. ಯಾರೂ ಅವರನ್ನು ಏನೂ ಕೇಳಿ ಪಡೆಯುತ್ತಿಲ್ಲ. ಯಾರ ಕೆಲಸವೂ ಅವರಿಲ್ಲದೆ ನಿಂತಿಲ್ಲ. ಮಾತು ಒಣಗುವುದು ಇಲ್ಲೇ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ. ಮನೆಯಲ್ಲಿ ಕೂತವರಿಗೆ ಹೊತ್ತು ಕಳೆಯುವ ಸಾಮಾನು ತಂದುಕೊಡುವ ಮೊದಲು ಅವರಿಂದ ಆಗಬೇಕಾದ ಒಂದು ಕೆಲಸ ಕೊಡಿ, ನಿಜವಾಗಿಯೂ ನಿಮಗೆ ಬೇಕಿರುವ ಕೆಲಸ. ಸುಮ್ನೆ ಕೊಟ್ಟದ್ದಾದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಉದಾಹರಣೆಗೆ ರಂಜಕ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿ, ಹೇಗೆ ಕುಟ್ಟುವುದು ಅಂತ ಕೇಳಿ, ಆದರೆ ಕೇಳಿ ಬಿಡಬೇಡಿ, ಆ ಭಾನುವಾರವೇ ಹಣ್ಣುಮೆಣಸಿನಕಾಯಿ ತಂದು ಮಾಡಿ, ಮಾಡುತ್ತಿರುವಾಗಲೇ ವಿಡಿಯೊ ಕಾಲ್ ಹಚ್ಚಿ ಫೋನನ್ನು ಅಡುಗೆಕಟ್ಟೆಯ ಮೇಲೆ ನಿಲ್ಲಿಸಿ. ಉಪ್ಪು ಕಡಿಮೆ ಆಯಿತು ಅಂತ ಬೈಯಲಿ, ಬೈಸಿಕೊಳ್ಳಿ. ಅದೇ ಹೊತ್ತಿಗೆ ಅಲ್ಲಿ ಅವರು ಶೇಂಗಾ ಸುಲಿಯುತ್ತಲೋ ಮೆಂತ್ಯ ಸೊಪ್ಪು ಸೋಸುತ್ತಲೋ ಕೂತಿರಲಿ. ನಡುವೆ ಐದು ನಿಮಿಷ ಇಬ್ಬರೂ ಮಾತಾಡದಿದ್ದರೂ ನಡೆಯುತ್ತದೆ. ಒಂದೇ ಮನೆಯಲ್ಲಿ ಇರುವವರು ಇಡೀ ದಿನ ಮಾತಾಡುತ್ತಾರಾ? ಇಲ್ಲ. ಒಬ್ಬರ ಸಪ್ಪಳ ಇನ್ನೊಬ್ಬರಿಗೆ ಕೇಳುತ್ತಿರುತ್ತದೆ, ಅಷ್ಟು ಸಾಕು.

ಕಸೂತಿ ವಿಷಯ ಓದಿ ನನಗೆ ಖುಷಿ ಆಯಿತು. ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ ಅದು, ಈ ವಯಸ್ಸಿನಲ್ಲಿ ಕಣ್ಣಿಗೆ ಕಷ್ಟ ಆಗಬಹುದು. ಹಾಗಂತ ಕೈಬಿಡಬೇಕಿಲ್ಲ. ನಿಮ್ಮ ಮನೆಯಲ್ಲಿ ಮಗಳೋ ಮಗನೋ ಇದ್ದರೆ, ಇಲ್ಲವೆಂದರೆ ನೀವೇ, ಎಳೆಗಳು ದೊಡ್ಡದಾಗಿ ಕಾಣುವ ಮ್ಯಾಟಿ ಬಟ್ಟೆ ತಂದು ಅವ್ವನ ಹತ್ತಿರ ಗವಂತಿ ಕಲಿಯಲು ಶುರು ಮಾಡಿ. ಗಂಟು ಹಾಕದೆ ಶುರು ಮಾಡಿ, ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಿ, ಬಿಟ್ಟ ಜಾಗ ತುಂಬುತ್ತಾ ಅದೇ ದಾರಿಯಲ್ಲಿ ವಾಪಸ್ ಬರುವ ಹೊಲಿಗೆ ಅದು. ಎರಡೂ ಬದಿ ಒಂದೇ ರೀತಿ ಕಾಣಬೇಕು. ತಪ್ಪು ಎಲ್ಲಿ ಆಗಿದೆ ಅಂತ ಹಿಂಬದಿ ನೋಡಿದರೆ ಬಲ್ಲವರಿಗೆ ಕೂಡಲೇ ಗೊತ್ತಾಗುತ್ತದೆ. ಆಯಿ ಫೋನಿನಲ್ಲೇ ‘ಹಿಂದಿನ ಬಾಜೂ ತೋರಸು’ ಅಂದರೆ ಮೊಮ್ಮಕ್ಕಳು ತೋರಿಸಲೇಬೇಕು. ಗವಂತಿ ಬಂದ ಮೇಲೆ ಕಸೂತಿಯ ಉಳಿದ ಹೊಲಿಗೆಗಳು: ಮುರಗಿ, ಆಮೇಲೆ ನೇಯ್ಗಿ, ಮೆಂತಿ. ಗೋಪುರ, ತುಳಸಿಕಟ್ಟೆಯ ಚಿತ್ತಾರದವರೆಗೆ ಹೋಗುವಷ್ಟರಲ್ಲಿ ತಿಂಗಳುಗಳು ಬೇಕು. ನಾಳೆಗೂ ಒಂದು ಕೆಲಸ ಬಾಕಿ ಇರುತ್ತದಲ್ಲ, ಅದೇ ನಮಗೆ ಬೇಕಾದದ್ದು. ಅವರಿಗೇ ಕೈಗೆ ಏನಾದರೂ ಬೇಕು ಅನಿಸಿದರೆ ಹಳೇ ಸೀರೆ ತುಂಡುಗಳಲ್ಲಿ ಕೂಸಿನ ಅಳತೆಯ ಸಣ್ಣ ಕೌದಿ ಹೊಲಿಯಲಿ. ಹೊಲಿಗೆ ದೊಡ್ಡದು, ಕಣ್ಣಿಗೆ ಹಗುರ. ಯಾವ ಕೂಸಿಗೆ ಅನ್ನುವುದು ಮೊದಲೇ ಗೊತ್ತಿರಲಿ. ಒಂದು ಮಾತು: ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಕೆಲವು ಸೊಂಟದ ಆಪರೇಷನ್‌ಗಳ ನಂತರ ಬೇಡ ಅನ್ನುತ್ತಾರೆ. ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಿ, ಅಲ್ಲಿಯವರೆಗೆ ಕೈ ಇರುವ ಎತ್ತರದ ಕುರ್ಚಿಯೇ ಒಳ್ಳೆಯದು.

ಈಗ ಅಣ್ಣ-ವೈನಿಗೆ ಒಂದು ಕೇಳಿ: ಅವ್ವನ ಮಂಚ ಎಲ್ಲಿದೆ? ನಮ್ಮ ಕಡೆ ಜಡ್ಡಾದವರಿಗೆ ಶಾಂತ ಇರಲಿ ಅಂತ ಒಳಗಿನ ಖೋಲಿಯಲ್ಲಿ ಮಲಗಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಅಲ್ಲಿಂದ ಗೋಡೆ ಬಿಟ್ಟರೆ ಏನೂ ಕಾಣುವುದಿಲ್ಲ. ಮಂಚವನ್ನು ಪಡಸಾಲೆಗೆ ತನ್ನಿ, ಬಾಗಿಲು ಕಾಣುವ ಹಾಗೆ ಹಾಕಿ. ಓಣಿಯಲ್ಲಿ ಕಾಯಿಪಲ್ಲೆ ಗಾಡಿ ಬಂದಿದ್ದು, ಶಾಲೆ ಬಿಟ್ಟಿದ್ದು, ಎದುರು ಮನೆಯವರು ಕಟ್ಟೆ ಮೇಲೆ ಕೂತಿದ್ದು ಎಲ್ಲಾ ಗೊತ್ತಾಗುತ್ತದೆ. ಹೋಗಿಬರುವವರು ‘ಹೆಂಗದೀರಿ ಅಕ್ಕಾರ?’ ಅಂತ ಒಂದು ಮಾತು ಆಡಿ ಹೋಗುತ್ತಾರೆ. ಸಂಜೆ ನೀವು ಫೋನ್ ಮಾಡಿದಾಗ ಹೇಳಲು ಅವರಲ್ಲಿ ಏನಾದರೂ ಇರುತ್ತದೆ. ಹಾದಿಯಲ್ಲಿ ಎಡವುವಂಥ ಸಾಮಾನು, ಮಡಚುವ ಚಾಪೆ ಇರದಂತೆ ನೋಡಿಕೊಳ್ಳಿ, ಅಷ್ಟೇ.

ಭಜನೆಗೆ ಅವರು ಹೋಗಲಾಗದಿದ್ದರೆ ಭಜನೆಯನ್ನೇ ಮನೆಗೆ ಕರೆಯಿರಿ. ವಾರಕ್ಕೆ ಒಂದು ಸಂಜೆ ನಮ್ಮ ಪಡಸಾಲೆಯಲ್ಲಿ ಕೂಡಿ ಅಂತ ವೈನಿ ಹೋಗಿ ಹೇಳಿದರೆ ಓಣಿಯ ಹೆಣ್ಣುಮಕ್ಕಳು ಬರುತ್ತಾರೆ. ಯಾರೂ ಕರೆಯದಿದ್ದರೆ ‘ಜಡ್ಡಾದವರ ಮನಿ, ತ್ರಾಸ ಯಾಕ ಕೊಡೋದು’ ಅಂತ ಅವರೂ ದೂರವೇ ಇರುತ್ತಾರೆ. ಉಳಿದ ಹೊತ್ತಿಗೆ ರೇಡಿಯೊ ಇರಲಿ. ಧಾರವಾಡ ಆಕಾಶವಾಣಿ 1950ರಿಂದ ಇದೆ, ಅವರ ಪ್ರಾಯದವರಿಗೆ ಅದು ಮನೆಯವರ ದನಿ. ಈಗ ಮೊಬೈಲ್ ಆ್ಯಪ್‌ನಲ್ಲೂ ಸಿಗುತ್ತದೆ, ಆದರೂ ಗುಂಡಿ ತಿರುಗಿಸುವ ರೇಡಿಯೊ ಪಕ್ಕದಲ್ಲಿದ್ದರೆ ಯಾರನ್ನೂ ಕರೆಯದೆ ತಾವೇ ಹಚ್ಚಬಹುದು.

ಕೊನೆಗೊಂದು, ಇದನ್ನು ಮರೆಯಬೇಡಿ. ‘ಹೂಂ, ಇಡ್ತೀನಿ’ ಅನ್ನುವ ಎಷ್ಟೋ ಹಿರಿಯರಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುತ್ತಿರುವುದಿಲ್ಲ. ಹೇಳಿಕೊಳ್ಳಲು ಸಂಕೋಚ. ಟಿವಿ ಹಚ್ಚದಿರುವುದಕ್ಕೂ ಅದೇ ಕಾರಣ ಇರಬಹುದು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಕಿವಿ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನನಗೆ 23 ವರ್ಷ, ಹುಬ್ಬಳ್ಳಿ. ಶ್ವಾಸಕೋಶದ ಟಿಬಿ ಅಂತ ಗೊತ್ತಾಗಿ ಮನೆಯಲ್ಲಿದ್ದೇನೆ. ಗೆಳೆಯರಿಗೆ ಜಾಂಡೀಸ್ ಅಂತ ಹೇಳಿದ್ದೇನೆ. ರಾತ್ರಿಯಿಡೀ ರೀಲ್ಸ್, ಮಧ್ಯಾಹ್ನದವರೆಗೆ ನಿದ್ದೆ. ಮನೆಯವರು ತಾಟು, ಲೋಟ ಬೇರೆ ಇಟ್ಟಿದ್ದಾರೆ. ಹುಚ್ಚು ಹಿಡಿದ ಹಾಗೆ ಆಗುತ್ತಿದೆ.

ಉತ್ತರ: ಮೊದಲು ತಾಟಿನ ವಿಷಯ. ಟಿಬಿ ಹರಡುವುದು ಗಾಳಿಯಲ್ಲಿ, ಕೆಮ್ಮಿದಾಗ, ಅದರಲ್ಲೂ ಗಾಳಿ ಆಡದ ಖೋಲಿಯಲ್ಲಿ. ತಾಟು, ಲೋಟ, ಬಟ್ಟೆಯಿಂದ ಹರಡುವುದಿಲ್ಲ. ಇದನ್ನು ಮನೆಯವರಿಗೆ ಓದಿ ಹೇಳಿ. ಬೇಕಾದದ್ದು ಮಾಸ್ಕ್, ತೆರೆದ ಕಿಟಕಿ, ತಪ್ಪದೆ ಗುಳಿಗೆ. ಔಷಧಿಗೆ ಬಗ್ಗುವ ಸಾಮಾನ್ಯ ಟಿಬಿ ಆಗಿದ್ದರೆ ಸರಿಯಾಗಿ ಗುಳಿಗೆ ಶುರು ಮಾಡಿದ ಕೆಲವೇ ವಾರಗಳಲ್ಲಿ ಬೇರೆಯವರಿಗೆ ಹರಡುವ ಸಾಧ್ಯತೆ ಬಹಳ ಇಳಿಯುತ್ತದೆ. ನಿಮ್ಮ ಮಟ್ಟಿಗೆ ಯಾವಾಗ ಹೊರಗೆ ಹೋಗಬಹುದು ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು, ಆದರೆ ಆರು ತಿಂಗಳೂ ಮನೆಯಲ್ಲಿ ಮುಚ್ಚಿಕೊಂಡು ಇರಬೇಕು ಅಂತ ಅರ್ಥ ಅಲ್ಲ. ಗುಳಿಗೆ ಸರ್ಕಾರದಿಂದ ಪುಕ್ಕಟೆ. ಊಟದ ಖರ್ಚಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಲೆಕ್ಕದಲ್ಲಿ ಖಾತೆಗೆ ದುಡ್ಡು ಬರಬೇಕು. 2024ರ ಅಕ್ಟೋಬರ್‌ವರೆಗೆ 500 ಇತ್ತು. ಬಂದಿಲ್ಲವೆಂದರೆ ಗುಳಿಗೆ ಕೊಡುವಲ್ಲೇ ವಿಚಾರಿಸಿ.

ಜಾಂಡೀಸ್ ಅಂತ ಹೇಳಿದ್ದೀರಿ. ಯಾಕೆ ಹೇಳಿದಿರಿ ಅಂತ ಅರ್ಥ ಆಗುತ್ತದೆ, ಟಿಬಿ ಅಂದರೆ ಮಂದಿ ಹಿಂದೆ ಸರಿಯುತ್ತಾರೆ. ಆದರೆ ಸುಳ್ಳು ಹೇಳಿದ ಮೇಲೆ ಪ್ರತಿ ಫೋನಿನಲ್ಲೂ ಎಚ್ಚರದಿಂದ ಮಾತಾಡಬೇಕಾಗುತ್ತದೆ, ಆಮೇಲೆ ಫೋನ್ ಎತ್ತುವುದೇ ಬೇಡ ಅನಿಸುತ್ತದೆ. ಎಲ್ಲರಿಗೂ ಹೇಳಬೇಡಿ. ನಂಬಿಕೆ ಇರುವ ಒಬ್ಬ ಗೆಳೆಯನಿಗೆ ಈ ವಾರವೇ ಹೇಳಿ. ಅವನು ಅಂಗಳದ ಆಚೆ ನಿಂತು, ನೀವು ಮಾಸ್ಕ್ ಹಾಕಿಕೊಂಡು, ಬಯಲಿನಲ್ಲಿ ದೂರದಿಂದ ಹತ್ತು ನಿಮಿಷ ಮಾತಾಡಿ.

ರೀಲ್ಸ್ ಪೂರ್ತಿ ಬಿಡಿ ಅಂತ ಹೇಳುವುದಿಲ್ಲ. ರಾತ್ರಿ ಚಾರ್ಜರ್ ಬೇರೆ ಖೋಲಿಯಲ್ಲಿ ಇಡಿ. ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಎದ್ದು ಮಾಳಿಗೆ ಮೇಲೆ ಬಿಸಿಲಿಗೆ ನಿಲ್ಲಿ. ನಿದ್ದೆಯ ಹೊತ್ತು ತಾನಾಗಿ ಸರಿಹೋಗುತ್ತದೆ.

ಹಗಲಿಗೆ ನನ್ನ ಸಲಹೆ ಕನ್ನಡ ವಿಕಿಪೀಡಿಯ. 2003ರಿಂದ ಇದೆ, ಯಾರು ಬೇಕಾದರೂ ಬರೆಯಬಹುದು. ನಿಮ್ಮೂರಿನ ಕೆರೆ, ಗುಡಿ, ನಿಮಗೆ ಗೊತ್ತಿರುವ ಆಟ, ಏನೇ ಇರಲಿ, ಪುಸ್ತಕದಲ್ಲೋ ಪತ್ರಿಕೆಯಲ್ಲೋ ಆಧಾರ ಇರಬೇಕು. ನೀವು ಬರೆದದ್ದನ್ನು ಗುರುತಿಲ್ಲದ ಯಾರೋ ತಿದ್ದುತ್ತಾರೆ, ನೀವು ಉತ್ತರ ಕೊಡುತ್ತೀರಿ. ಅಲ್ಲಿ ನೀವು ರೋಗಿ ಅಂತ ಯಾರಿಗೂ ಗೊತ್ತಿಲ್ಲ. ಬರೆಯಲು ಸುಸ್ತು ಅನಿಸಿದರೆ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೇ ಪುಸ್ತಕಗಳ ಪುಟಗಳನ್ನು ಮೂಲದ ಜೊತೆ ಹೋಲಿಸಿ ತಿದ್ದುವ ಕೆಲಸ ಇದೆ. ಒಂದು ಪುಟ ಮುಗಿಸಿ ಮಲಗಬಹುದು, ಮರುದಿನ ಮುಂದಿನ ಪುಟ. ಟಿಬಿಯಲ್ಲಿ ಸುಸ್ತು ಜಾಸ್ತಿ ಇರುವ ದಿನಗಳಿಗೆ ಇಂಥದ್ದೇ ಸರಿ.

ಕೆಲವು ಟಿಬಿ ಗುಳಿಗೆಗಳಿಂದಲೂ ಮನಸ್ಸು ಕುಗ್ಗುವುದುಂಟು. ‘ಹುಚ್ಚು ಹಿಡಿದ ಹಾಗೆ’ ಅಂದಿರಲ್ಲ, ಇದನ್ನು ಡಾಕ್ಟರಿಗೆ ಹೀಗೇ ಹೇಳಿ. ನೀವಾಗಿ ಗುಳಿಗೆ ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ: ಅವ್ವ ತೀರಿಕೊಂಡ ಮೇಲೆ ಅಪ್ಪ ಹಾವೇರಿ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ, ಹೊರಗೆ ಬರುವುದೇ ಇಲ್ಲ. ಹೊತ್ತು ಹೋಗಲಿ ಅಂತ ಸ್ಮಾರ್ಟ್‌ಫೋನ್ ಕೊಡಿಸಿದೆ. ಮೊನ್ನೆ ಯಾರೋ ಪೊಲೀಸ್ ಅಂತ ವಿಡಿಯೊ ಕಾಲ್ ಮಾಡಿ ಹೆದರಿಸಿದ್ದಾರೆ. ಫೋನ್ ವಾಪಸ್ ತಗೊಳ್ಳಲೇ?

ಉತ್ತರ: ಬೇಡ. ಫೋನ್ ಕಸಿದುಕೊಂಡರೆ ಇನ್ನಷ್ಟು ಒಂಟಿ ಆಗುತ್ತಾರೆ, ಮುಂದೆ ಏನಾದರೂ ಆದರೆ ನಿಮಗೆ ಹೇಳುವುದೂ ಇಲ್ಲ. ವಿಡಿಯೊ ಕಾಲ್‌ನಲ್ಲೇ ‘ನಿಮ್ಮನ್ನು ಬಂಧಿಸಿದ್ದೇವೆ’ ಅಂತ ಹೆದರಿಸುವ ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ, ಇದನ್ನು ಅವರಿಗೆ ಕೂತು ಹೇಳಿ. ಈ ಕಳ್ಳರು ಮೊದಲು ಹೇಳುವುದೇ ‘ಯಾರಿಗೂ ಹೇಳಬೇಡಿ’ ಅಂತ. ದಿನಾ ನಾಲ್ಕು ಮಾತಾಡುವವರು ಇದ್ದವರ ಹತ್ತಿರ ಆ ಆಟ ನಡೆಯುವುದು ಕಷ್ಟ. ದುಡ್ಡು ಹೋಗಿದ್ದರೆ ಒಂದು ಗಳಿಗೆಯೂ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಪ್ಪ ಮೋಸ ಹೋದರು ಅಂತ ನಾಲ್ಕು ಮಂದಿಯ ಎದುರು ಆಡಿಕೊಳ್ಳಬೇಡಿ.

ಹೊರಗೆ ಬರುವುದಿಲ್ಲ ಅಂದಿರಿ. ದುಃಖಕ್ಕೆ ಸಮಯ ಬೇಕು, ಅವಸರ ಮಾಡಿಸಬೇಡಿ. ಆದರೆ ಎರಡು ವಾರಕ್ಕೂ ಹೆಚ್ಚು ದಿನ ಊಟ, ನಿದ್ದೆ ಕೆಟ್ಟಿದ್ದರೆ, ಮೊದಲು ಇಷ್ಟ ಇದ್ದದ್ದು ಯಾವುದೂ ಬೇಡ ಅನ್ನುತ್ತಿದ್ದರೆ ತೋರಿಸಲೇಬೇಕು. ‘ಇನ್ನ ಇದ್ದು ಏನ ಮಾಡೋದೈತಿ’ ಅನ್ನುವ ಮಾತು ಬಂದಿದ್ದರೆ ಎರಡು ವಾರ ಕಾಯಬೇಡಿ, ಇಂದೇ ಅವರ ಹತ್ತಿರ ಹೋಗಿ, ಒಬ್ಬರನ್ನೇ ಬಿಡಬೇಡಿ. ಹೊಲದ ಔಷಧಿ ಮನೆಯಲ್ಲಿದ್ದರೆ ಬೇರೆ ಕಡೆ ಇಡಿಸಿ. ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರಾಗಿ ನೀವೂ ಫೋನ್ ಮಾಡಿ ಕೇಳಬಹುದು. ತೋರಿಸಲು ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲವೆಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆತನ್ನಿ. ಹಿರಿಯ ನಾಗರಿಕರ ಬೇರೆ ತೊಂದರೆಗಳಿಗೆ 14567 ಇದೆ. ಈ ಮೂರೂ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು, ಅದರ ಕೆಳಗೆ ನಿಮ್ಮದು ಮತ್ತು ಪಕ್ಕದ ಮನೆಯವರದು ಸೇರಿಸಿ, ಫೋನ್ ಇಡುವ ಜಾಗದ ಗೋಡೆಗೆ ಅಂಟಿಸಿ ಬನ್ನಿ.