ಗಾಡಿ ಮಾತು: ಎರಡು ಸಲ ಅಲೈನ್‌ಮೆಂಟ್ ಆಯ್ತು, ಎಳೆತ ಹೋಗಲಿಲ್ಲ

ಮಳೆಗಾಲ ಮುಗಿಯುತ್ತಾ ಬಂತು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತಗ್ಗಿನವೇ. ಕಲಬುರಗಿ ರಿಂಗ್ ರೋಡಿನ ಪಕ್ಕದ ಶೆಡ್ಡಿನಲ್ಲಿ 22 ವರ್ಷ ಗಾಡಿಗಳ ಕೆಳಗೆ ಮಲಗಿದವನು ನಾನು. ನಮ್ಮ ಕಡೆ ರಸ್ತೆ ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ಎರೆ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಡಾಂಬರು ಅದರ ಜೊತೆ ಏಳುತ್ತದೆ, ಕುಸಿಯುತ್ತದೆ. ಅದರ ಮೇಲೆ ಸಿಮೆಂಟ್ ಲಾರಿ, ಶಹಾಬಾದ್ ಕಲ್ಲಿನ ಲಾರಿ.

ಪ್ರಶ್ನೆ: ಅಣ್ಣಾ, ನಾನು ಶಿಕ್ಷಕಿ. ಸೇಡಂನಿಂದ ಕಲಬುರಗಿ ರಸ್ತೆಯಲ್ಲಿ ದಿನಾ ಕಾರಿನಲ್ಲಿ ಓಡಾಡುತ್ತೇನೆ. ಆಗಸ್ಟಿನಲ್ಲಿ ನೀರು ತುಂಬಿದ ತಗ್ಗಿಗೆ ಎಡಗಡೆಯ ಮುಂದಿನ ಗಾಲಿ ಧಡ್ ಅಂತ ಬಿತ್ತು. ಅವತ್ತಿನಿಂದ ಗಾಡಿ ಎಡಕ್ಕೆ ಎಳೆಯುತ್ತಿದೆ. ಎರಡು ಸಲ ಅಲೈನ್‌ಮೆಂಟ್, ಅಂದರೆ ಗಾಲಿಗಳ ಕೋನ ಸರಿಪಡಿಸುವ ಕೆಲಸ, ಮಾಡಿಸಿದೆ. ಎರಡು ಸಲವೂ ‘ಎಲ್ಲಾ ಓಕೆ ಮೇಡಂ’ ಅಂದರು. ಊರು ಮುಟ್ಟುವಷ್ಟರಲ್ಲಿ ಮತ್ತೆ ಅದೇ. ಮೂರನೇ ಸಲ ಮಾಡಿಸಲಾ?

ಬೇಡ ಅಕ್ಕಾ. ಆ ದುಡ್ಡು ಹಾಗೇ ಇಟ್ಟುಕೊಳ್ಳಿ, ಬೇರೆ ಕಡೆ ಬೇಕಾಗಬಹುದು.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ತೊಗರಿ ವ್ಯಾಪಾರಿಯೊಬ್ಬರ ಕಾರಿಗೆ ನಾನು ಒಂದೇ ತಿಂಗಳಲ್ಲಿ ಮೂರು ಸಲ ಅಲೈನ್‌ಮೆಂಟ್ ಮಾಡಿದ್ದೆ. ಮೂರು ಸಲವೂ ಮಷಿನ್ ಪರದೆಯ ಮೇಲೆ ಎಲ್ಲಾ ಹಸಿರು, ಅಂದರೆ ಸರಿ. ಮೂರು ಸಲವೂ ಅವರು ವಾಪಸ್ ಬಂದು ‘ಗಾಡಿ ಎಳೀತದಲ್ರೀ’ ಅಂದರು. ಕೊನೆಗೆ ನಮ್ಮ ಹುಡುಗನೊಬ್ಬ ಗಾಲಿಯ ಹತ್ತಿರ ಕೈ ಒಡ್ಡಿ, ‘ಕಾಕಾ, ಈ ಕಡೆ ಕಾವು ಜಾಸ್ತಿ ಅದ’ ಅಂದ. ಆ ಕಡೆ ಬ್ರೇಕ್ ಹಿಡಿದುಕೊಂಡಿತ್ತು, ಬಿಡುತ್ತಲೇ ಇರಲಿಲ್ಲ. ಮಷಿನ್ ಕೋನ ನೋಡುತ್ತದೆ, ಬ್ರೇಕ್ ನೋಡುವುದಿಲ್ಲ. ನೋಡಬೇಕಾದವನು ನಾನು, ನೋಡಿರಲಿಲ್ಲ. ಮೂರೂ ಸಲದ ದುಡ್ಡು ವಾಪಸ್ ಕೊಟ್ಟೆ. ಆದರೂ ಅವರ ಮುಖ ನೋಡಲು ನಾಚಿಕೆ.

ಆದ್ದರಿಂದ ನೀವು ಹೀಗೆ ಮಾಡಿ. ಬೆಳಿಗ್ಗೆ, ಗಾಡಿ ಓಡುವ ಮೊದಲು, ನಾಲ್ಕೂ ಟೈರಿನ ಗಾಳಿ ನೋಡಿಸಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲಿನ ಕಡೆ ಸ್ಟಿಕರ್ ಇರುತ್ತದೆ. ಎಡ ಮುಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಗಾಡಿ ಎಡಕ್ಕೇ ಹೋಗುತ್ತದೆ. ಅಷ್ಟು ಜೋರಾಗಿ ಬಿದ್ದ ಮೇಲೆ ರಿಮ್ಮಿನ ಅಂಚು ಸೊಟ್ಟಗಾಗಿ ಗಾಳಿ ಮೆಲ್ಲಗೆ ಸೋರುತ್ತಿರಬಹುದು. ಇನ್ನೊಂದು ಮಾತು, ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತವೆ, ನೀರು ಹರಿದುಹೋಗಲಿ ಅಂತ. ಸ್ಟೇರಿಂಗ್ ಸಡಿಲ ಹಿಡಿದಾಗ ಗಾಡಿ ನಿಧಾನಕ್ಕೆ ಎಡಕ್ಕೆ ಸರಿದರೆ ಅದು ರಸ್ತೆಯ ಗುಣ. ಕೈಯಿಂದ ಕಿತ್ತುಕೊಂಡ ಹಾಗೆ ಹೋದರೆ ಮಾತ್ರ ಚಿಂತೆ ಮಾಡಿ.

ಗಾಳಿ ಸರಿ ಇದ್ದರೆ ಗ್ಯಾರೇಜಿಗೆ ಹೋಗಿ ಮುಂದಿನ ಗಾಲಿ ಎತ್ತಿಸಿ. ಗಡಿಯಾರದ 9 ಮತ್ತು 3 ಇರುವ ಜಾಗದಲ್ಲಿ ಹಿಡಿದು ಅಲುಗಾಡಿಸಿದಾಗ ಕಟಕಟ ಅಂದರೆ ಹೆಚ್ಚಾಗಿ ಟೈ ರಾಡ್ ಎಂಡ್ (ಸ್ಟೇರಿಂಗ್ ಕಡೆಯಿಂದ ಗಾಲಿಯನ್ನು ತಿರುಗಿಸುವ ಸರಳಿನ ತುದಿಯ ಕೀಲು) ಹೋಗಿರುತ್ತದೆ. 12 ಮತ್ತು 6ರಲ್ಲಿ ಹಿಡಿದಾಗ ಕಟಕಟ ಅಂದರೆ ಬಾಲ್ ಜಾಯಿಂಟ್ (ಗಾಲಿಯ ಕಡೆಯ ಗುಂಡು ಕೀಲು) ಅಥವಾ ಗಾಲಿಯ ಬೇರಿಂಗ್. ಲೋಯರ್ ಆರ್ಮಿನ, ಅಂದರೆ ಗಾಲಿಯನ್ನು ಗಾಡಿಗೆ ಹಿಡಿದಿಡುವ ಕೆಳಗಿನ ತೋಳಿನ, ರಬ್ಬರ್ ಬುಷ್ ಹರಿದಿದೆಯಾ ಅಂತಲೂ ಕೇಳಿ. ಇವು ಸಡಿಲ ಇದ್ದಾಗ ಮಾಡಿದ ಅಲೈನ್‌ಮೆಂಟ್ ಶೆಡ್ಡಿನ ಒಳಗೆ ಮಾತ್ರ ಸರಿ. ಹೊರಗೆ ಬಂದು ಮೊದಲನೇ ತಗ್ಗು ದಾಟಿದರೆ ಮುಗಿಯಿತು. ನಿಮಗೆ ಊರು ಮುಟ್ಟುವಷ್ಟರಲ್ಲಿ ಹೋಗುತ್ತಿದೆ ಅಂತೀರಿ, ಅದಕ್ಕೇ ನನಗೆ ಇಲ್ಲೇ ಅನುಮಾನ.

ಇಲ್ಲೂ ಏನೂ ಸಿಗದಿದ್ದರೆ ಮುಂದಿನ ಎರಡು ಟೈರುಗಳನ್ನು ಎಡಬಲ ಬದಲಾಯಿಸಿ ಓಡಿಸಿ ನೋಡಿ. ಎಳೆತ ಬಲಕ್ಕೆ ತಿರುಗಿದರೆ ಟೈರಿನದೇ ದೋಷ, ಒಳಗಿನ ಪದರ ಹೋಗಿರಬಹುದು. ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಂಡರೆ ಈ ಪರೀಕ್ಷೆಯೂ ಬೇಡ, ಆ ಟೈರ್ ಅವತ್ತೇ ತೆಗೆಸಿ.

ಕೊನೆಗೆ ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ವಾಲಿರುವುದು. ಎಡದ್ದು ಬಲಕ್ಕಿಂತ ಬಹಳ ಬೇರೆ ಇದ್ದರೆ ಆರ್ಮೋ ಸ್ಟ್ರಟ್ಟೋ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಬಾಗಿರುವ ಸಾಧ್ಯತೆ ಹೆಚ್ಚು. ಕೆಲವರು ಜ್ಯಾಕ್ ಕೊಟ್ಟು ಸ್ಟ್ರಟ್ಟನ್ನೇ ಬಗ್ಗಿಸಿ ‘ಸರಿ ಮಾಡಿದೆ’ ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಬಾಗಿದ ಸಾಮಾನು ಬದಲಾಗಬೇಕು.

ಪ್ರಶ್ನೆ: 80 ದಾಟಿದರೆ ಸ್ಟೇರಿಂಗ್ ನಡುಗುತ್ತದೆ. 60ರಲ್ಲಿ ಏನೂ ಇಲ್ಲ. ಅಲೈನ್‌ಮೆಂಟ್ ಹೋಗಿದೆಯಾ? (ಬೀದರ್‌ನಿಂದ ಒಬ್ಬರು)

ಇದು ಬ್ಯಾಲೆನ್ಸಿಂಗ್, ಅಂದರೆ ಗಾಲಿಯ ತೂಕ ಸುತ್ತಲೂ ಸಮ ಇರುವಂತೆ ಮಾಡುವುದು. ಎರಡೂ ಒಂದೇ ಅಂಗಡಿಯಲ್ಲಿ ಮಾಡುತ್ತಾರೆ ಅಂತ ಜನ ಒಂದೇ ಅಂದುಕೊಂಡಿದ್ದಾರೆ. ರಿಮ್ಮಿಗೆ ಅಂಟಿಸಿದ ತೂಕದ ತುಂಡು ಬಿದ್ದುಹೋಗಿರಬಹುದು. ಆದರೆ ಅಂಗಡಿಗೆ ಹೋಗುವ ಮೊದಲು ಗಾಲಿಯ ಒಳಮೈ ತೊಳೆಯಿರಿ. ನೀವು ಹೊಲದ ದಾರಿಯಲ್ಲಿ ಓಡಾಡುವವರಾದರೆ ಎರೆ ಮಣ್ಣು ರಿಮ್ಮಿನ ಒಳಗೆ ಅಂಟಿ ಒಣಗಿ ಕಲ್ಲಾಗಿರುತ್ತದೆ. ಎಷ್ಟೋ ಗಾಡಿಗಳಿಗೆ ನಾನು ಒಂದು ಬಕೆಟ್ ನೀರಿನಲ್ಲೇ ಬ್ಯಾಲೆನ್ಸಿಂಗ್ ಮಾಡಿದ್ದೇನೆ! ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಅದು ಬ್ರೇಕಿನ ಡಿಸ್ಕ್, ಬೇರೆ ಕಥೆ.

ಪ್ರಶ್ನೆ: ಅಲೈನ್‌ಮೆಂಟ್ ಆದ ಮೇಲೆ ಚೀಟಿ ಕೊಟ್ಟರು. ಹಿಂದಿನ ಗಾಲಿಯ ಅಂಕಿ ಕೆಂಪಾಗಿಯೇ ಇದೆ. ಕೇಳಿದರೆ ‘ಹಿಂದಿನದು ಆಗಲ್ಲ’ ಅಂದರು. ಮೋಸವಾ? (ಶಹಾಪುರದಿಂದ)

ಮೋಸ ಅಲ್ಲದಿರಬಹುದು. ಚೀಟಿ ಕೊಟ್ಟರಲ್ಲ, ಅದೇ ಒಳ್ಳೆಯ ಲಕ್ಷಣ. ಮಾಡುವ ಮೊದಲಿನ ಅಂಕಿ ಮತ್ತು ಮಾಡಿದ ಮೇಲಿನ ಅಂಕಿ ಎರಡೂ ಇವೆಯಾ ನೋಡಿ. ಮೇಲೆ ನಿಮ್ಮ ಕಾರಿನ ಮಾದರಿಯೇ ಬರೆದಿದೆಯಾ ಅದನ್ನೂ ನೋಡಿ. ಅವಸರದಲ್ಲಿ ಬೇರೆ ಮಾದರಿ ಒತ್ತಿದರೆ ಹಸಿರಿಗೂ ಅರ್ಥ ಇಲ್ಲ.

ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ತಿರುಗಿಸಲು ಬರುವುದು ಮುಂದಿನ ಟೋ ಒಂದೇ. ಟೋ ಅಂದರೆ ಮೇಲಿನಿಂದ ನೋಡಿದಾಗ ಗಾಲಿಗಳ ಮೂತಿ ಒಳಕ್ಕಿದೆಯಾ ಹೊರಕ್ಕಿದೆಯಾ ಅಂತ. ಹಿಂದೆ ಎರಡೂ ಗಾಲಿಗೆ ಸೇರಿ ಒಂದೇ ಅಡ್ಡ ತೊಲೆ ಇರುತ್ತದೆ, ತಿರುಗಿಸಲು ಬೋಲ್ಟೇ ಇಲ್ಲ. ಕೆಂಪು ಸ್ವಲ್ಪ ಇದ್ದರೆ ಬಿಟ್ಟುಬಿಡಿ. ಜಾಸ್ತಿ ಇದ್ದು, ನೇರ ಹೋಗುವಾಗಲೂ ಸ್ಟೇರಿಂಗ್ ಸೊಟ್ಟ ಹಿಡಿಯಬೇಕು ಅನ್ನುವಂತಿದ್ದರೆ ಆ ತೊಲೆಗೆ ಪೆಟ್ಟು ಬಿದ್ದಿರಬಹುದು. ಹಳೆ ಗಾಡಿ ಕೊಂಡಿದ್ದರೆ ಮಾರಿದವರನ್ನು ವಿಚಾರಿಸಿ.

ಪ್ರಶ್ನೆ: ನಮ್ಮಪ್ಪ ಜೀವನಪೂರ್ತಿ ಬಂಡಿ ಹೊಡೆದ, ಯಾವ ಅಲೈನ್‌ಮೆಂಟೂ ಮಾಡಿಸಲಿಲ್ಲ. ನನ್ನ ಕಾರು ನೆಟ್ಟಗೇ ಹೋಗುತ್ತದೆ. ಸುಮ್ನೆ ಯಾಕೆ ಖರ್ಚು? (ಆಳಂದದಿಂದ)

ನಿಮ್ಮಪ್ಪನ ಬಂಡಿಗೆ ಟೈರಿನ ಬಿಲ್ ಬರುತ್ತಿರಲಿಲ್ಲ, ಅಲ್ವಾ? ನೆಟ್ಟಗೆ ಹೋಗುವ ಗಾಡಿಯಲ್ಲೂ ಟೋ ಕೆಟ್ಟಿರಬಹುದು. ಎಡಬಲ ಎರಡೂ ಒಂದೇ ಸಮ ಕೆಟ್ಟರೆ ಒಂದನ್ನೊಂದು ತಡೆದುಕೊಂಡು ನೆಟ್ಟಗೇ ಹೋಗುತ್ತವೆ. ಲೆಕ್ಕ ಹಾಕಿ ನೋಡಿ. ಒಂದು ಗಾಲಿ ಕಾಲು ಡಿಗ್ರಿ ಸೊಟ್ಟ ಇದ್ದರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಆ ಟೈರ್ 4 ಮೀಟರಿಗಿಂತ ಜಾಸ್ತಿ ಅಡ್ಡಕ್ಕೆ ಉಜ್ಜಿಕೊಂಡಿರುತ್ತದೆ. ಸಾವಿರ ಕಿಲೋಮೀಟರಿಗೆ 4 ಕಿಲೋಮೀಟರ್, ಅದೂ ಮೇ ತಿಂಗಳ ಕಾದ ಡಾಂಬರಿನ ಮೇಲೆ.

ನಮ್ಮ ರಸ್ತೆಗೆ 5,000 ಕಿಲೋಮೀಟರಿಗೊಮ್ಮೆ ತೋರಿಸಿ. ದೊಡ್ಡ ತಗ್ಗಿಗೆ ಬಿದ್ದರೆ, ಟೈ ರಾಡ್ ಬದಲಾಯಿಸಿದರೆ, ಹೊಸ ಟೈರ್ ಹಾಕಿದರೆ ಆಗಲೇ ತೋರಿಸಿ. ಮಧ್ಯೆ ತಿಂಗಳಿಗೊಮ್ಮೆ ಮುಂದಿನ ಟೈರಿನ ಮೇಲೆ ಅಂಗೈ ಅಡ್ಡಕ್ಕೆ ಸವರಿ. ಒಂದು ಕಡೆಯಿಂದ ನುಣ್ಣಗೆ, ಇನ್ನೊಂದು ಕಡೆಯಿಂದ ಗರಗಸದ ಹಾಗೆ ತಾಗಿದರೆ ಟೋ ಹೋಗಿದೆ. ಒಳ ಅಂಚನ್ನು ಸವರುವಾಗ ಮಾತ್ರ ಹುಷಾರು. ತಂತಿ ಹೊರಗೆ ಬಂದಿದ್ದರೆ ಕೈ ಕುಯ್ಯುತ್ತದೆ, ಆಮೇಲೆ ಅಲೈನ್‌ಮೆಂಟಿಗೂ ಮೊದಲು ಟೈರ್ ಅಂಗಡಿಗೇ ಹೋಗಬೇಕಾಗುತ್ತದೆ.