ಹಾಸನದಲ್ಲಿ ಖರ್ಚು ಕಡಿಮೆ ಅಂತ ಕಂಪನಿ ಸಂಬಳ ಕತ್ತರಿಸಿದರೆ ಒಪ್ಪಬಹುದಾ?

ಬೆಂಗಳೂರಿನ ಕೆಲಸ ಬಿಡದೆ ಹಾಸನಕ್ಕೆ ಬಂದು ಮನೆಯಿಂದಲೇ ಮಾಡಬೇಕು ಅಂತ ಬರೆದಿದ್ದೀರಿ, ಖಂಡಿತ ಬನ್ನಿ. ಆದರೆ ಸಂಬಳ ಕಡಿತ ಒಪ್ಪಿಕೊಳ್ಳಲು ಕಂಪನಿಯವರು ಕೊಟ್ಟಿರುವ ಪತ್ರಕ್ಕೆ ಈಗಲೇ ಸಹಿ ಹಾಕಬೇಡಿ.

ಹಾಸನದ ಖರ್ಚು ಬೆಂಗಳೂರಿಗಿಂತ ಶೇ 35 ಕಡಿಮೆ ಅಂತ ವೆಬ್‌ಸೈಟಿನಲ್ಲಿದೆ, ಕಂಪನಿ ಕತ್ತರಿಸುವುದು ಶೇ 20 ಮಾತ್ರ, ಹಾಗಾದರೆ ಶೇ 15 ಲಾಭ ತಾನೇ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದೆ. ಯಜಮಾನರು ಅಂಚೆ ಇಲಾಖೆಯವರು, ಅವರಿಗೆ ಹಾಸನಕ್ಕೆ ವರ್ಗವಾಯಿತು. ನಮ್ಮ ಆಫೀಸಿನಲ್ಲಿ ಕೇಳಿದಾಗ ಮನೆಯಿಂದಲೇ ಕೆಲಸ ಮಾಡಿ ಅಂದರು, ಆದರೆ ಅದು ಅಗ್ಗದ ಊರು, ಒಟ್ಟು ಸಂಬಳದಲ್ಲಿ ಶೇ 20 ಕಡಿತ ಅಂತ ಷರತ್ತು ಹಾಕಿದರು. ವಿದ್ಯಾನಗರದಲ್ಲಿ ಬಾಡಿಗೆ ವಿಚಾರಿಸಿದರೆ ಬೆಂಗಳೂರಿನ ಹೆಚ್ಚುಕಮ್ಮಿ ಅರ್ಧ. ಅಷ್ಟು ಸಾಕಾಯಿತು, ಸಹಿ ಹಾಕಿಬಿಟ್ಟೆ.

ಎಲ್ಲಿ ಎಡವಿದೆ ಅಂತ ಬಿಡಿಸಿ ಹೇಳ್ತೀನಿ, ದಯವಿಟ್ಟು ಪೆನ್ನು ಹಿಡಿದು ಕೂತು ಓದಿ. ಆಗ ನನ್ನ ಕೈಗೆ ಬರುತ್ತಿದ್ದದ್ದು 50,000. ಬಾಡಿಗೆ 14,000, ದಿನಸಿ, ಹಾಲು, ತರಕಾರಿ 10,000, ಓಡಾಟ ಮತ್ತು ಹೊರಗಿನ ತಿಂಡಿ 4,000. ಈ 28,000 ಮಾತ್ರ ಊರಿಗೆ ಅಂಟಿಕೊಂಡ ಖರ್ಚು. ಉಳಿದ 22,000ದಲ್ಲಿ ಸೈಟಿನ ಸಾಲದ ಕಂತು 9,000, ವಿಮೆ ಮತ್ತು ಆರ್‌ಡಿ 7,000, ಅಮ್ಮನಿಗೆ ಕಳಿಸುವುದು 3,000, ಫೋನು, ಬಟ್ಟೆಬರೆ 3,000. ನಾನು ಹಾಸನದಲ್ಲಿದ್ದರೂ ಬೀದರಿನಲ್ಲಿದ್ದರೂ ಬ್ಯಾಂಕಿನವರು ಕಂತು ಕಡಿಮೆ ಮಾಡಲ್ಲ. ಹಾಸನಕ್ಕೆ ಬಂದ ಮೇಲೆ ಬಾಡಿಗೆಯಲ್ಲಿ 6,500 ಉಳಿಯಿತು, ಅಡುಗೆಮನೆಯಲ್ಲಿ 1,000, ಓಡಾಟದಲ್ಲಿ 2,000. ಒಟ್ಟು 9,500. ಇದು 28,000ಕ್ಕೆ ಶೇ 34 ಆಗುತ್ತೆ, ಅಂದರೆ ವೆಬ್‌ಸೈಟ್ ಹೇಳಿದ್ದು ಸುಳ್ಳಲ್ಲ. ಆದರೆ ಕಂಪನಿ ಕತ್ತರಿಸಿದ್ದು 28,000ದಲ್ಲಿ ಅಲ್ಲ, ಇಡೀ 50,000ದಲ್ಲಿ. ಅದು 10,000. ದುಡ್ಡು ಉಳಿಯಿತು ಅಂದುಕೊಂಡರೆ ತಿಂಗಳಿಗೆ 500 ಕೈಬಿಟ್ಟಿತ್ತು, ಮೀಟಿಂಗ್‌ಗೆ ಅಂತ ಬೆಂಗಳೂರಿಗೆ ಹೋಗಿಬರುವ ಖರ್ಚು ಬೇರೆ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ದೊಡ್ಡ ಪೆಟ್ಟು ಬಿದ್ದದ್ದು ಕೆಲಸ ಬಿಟ್ಟಾಗ. ಒಟ್ಟು ಸಂಬಳದ ಜೊತೆ ಮೂಲ ವೇತನವೂ ಶೇ 20 ಇಳಿದಿತ್ತು. ಪಿಎಫ್‌ಗೆ ಹೋಗುವ ಶೇ 12 ಅದರ ಮೇಲೆ ಲೆಕ್ಕ, ವರ್ಷದ ಇನ್‌ಕ್ರಿಮೆಂಟೂ ಇಳಿದ ಸಂಬಳದ ಮೇಲೆಯೇ. ಗ್ರಾಚ್ಯುಟಿಯದಂತೂ, ಅಂದರೆ ದುಡಿದ ವರ್ಷಗಳಿಗೆ ಕೆಲಸ ಬಿಡುವಾಗ ಕಂಪನಿ ಒಟ್ಟಿಗೆ ಕೊಡುವ ಹಣದ್ದು, ಇನ್ನೂ ಅನ್ಯಾಯ. ಕೊನೆಯ ತಿಂಗಳ ವೇತನವನ್ನು (2025ರ ನವೆಂಬರ್‌ವರೆಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ, ಅಂದರೆ ಡಿಎ ಮಾತ್ರ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷ ದುಡಿದಿದ್ದೀರೋ ಅಷ್ಟರಿಂದ ಗುಣಿಸುತ್ತಾರೆ. ಆ ಮೊತ್ತ 26,000 ಇದ್ದರೆ ವರ್ಷಕ್ಕೆ 15,000. ಅದನ್ನು 20,800ಕ್ಕೆ ಇಳಿಸಿದರೆ ವರ್ಷಕ್ಕೆ 12,000. ನೀವು ಬೆಂಗಳೂರಿನಲ್ಲಿ ಪೂರ್ತಿ ಬಾಡಿಗೆ ಕಟ್ಟಿ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತು ಹತ್ತು ವರ್ಷ ದುಡಿದಿದ್ದರೆ, ಆ ಹತ್ತು ವರ್ಷಕ್ಕೂ ಹಾಸನದ ದರವೇ. 30,000 ಅಲ್ಲೇ ಹೋಯಿತು. ಇದನ್ನು ನನಗೆ ಮೊದಲೇ ಯಾರೂ ಹೇಳಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಅದೇ ಹೊತ್ತಿನಲ್ಲಿ ಯಜಮಾನರ ಸಂಬಳದ ಚೀಟಿಯನ್ನು ನನ್ನದರ ಪಕ್ಕದಲ್ಲಿಟ್ಟು ನೋಡಿದೆ. ಮೂಲ ವೇತನ ಒಂದು ರೂಪಾಯಿಯೂ ಇಳಿದಿರಲಿಲ್ಲ. ಕೇಂದ್ರ ಸರ್ಕಾರ ಊರುಗಳನ್ನು ಎಕ್ಸ್, ವೈ, ಝಡ್ ಅಂತ ವಿಂಗಡಿಸಿದೆ. ಬೆಂಗಳೂರು ಎಕ್ಸ್, ಮೈಸೂರು, ಮಂಗಳೂರು ವೈ, ಹಾಸನ, ಚಿಕ್ಕಮಗಳೂರು ಝಡ್. 2024ರ ಜನವರಿಯಿಂದ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 30, 20, 10. ಡಿಎ ಮಾತ್ರ ದೆಹಲಿಯವರಿಗೂ ಹಾಸನದವರಿಗೂ ಒಂದೇ. ಊರು ಬದಲಾದರೆ ಮುಖ್ಯವಾಗಿ ಬದಲಾಗುವುದು ಬಾಡಿಗೆ, ಹಾಗಾಗಿ ಮುಖ್ಯವಾಗಿ ಅಲ್ಲೇ ಕೈ ಹಾಕಿದ್ದಾರೆ. ನನ್ನ ಪ್ರಕಾರ ನ್ಯಾಯವಾದ ದಾರಿ ಅದೊಂದೇ.

ಲಾರಿಯಲ್ಲಿ ಬರುವ ಸಾಮಾನಿಗೆ ಊರೂರಿನ ವ್ಯತ್ಯಾಸ ಬಹಳ ಕಮ್ಮಿ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದ್ದು ಇಲ್ಲಿಗೂ ಅಲ್ಲಿಗೂ ಸೇರಿಯೇ. ಗೃಹಜ್ಯೋತಿ, ಶಕ್ತಿ ಬಸ್ಸು ಎರಡೂ ಕಡೆ ಇವೆ. ಹಾಸನ ಆಲೂಗಡ್ಡೆಗೆ ಹೆಸರಾದ ಜಿಲ್ಲೆ, ಆದರೂ ಮುಂಗಾರಿನ ಬೆಳೆ ಬಂದ ಕೆಲವು ವಾರ ಬಿಟ್ಟರೆ ಅಂಥ ಅಗ್ಗವೇನಲ್ಲ. ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಸೊಪ್ಪಿನ ಕಟ್ಟು ಮಾತ್ರ ಕೈಯಲ್ಲಿ ಹಿಡಿಯಲಾರದಷ್ಟು ದಪ್ಪ ಸಿಗುತ್ತೆ, ಸಂತೋಷ. ನಿಜವಾಗಿ ಅಗ್ಗ ಇರುವುದು ಬಾಡಿಗೆ, ದರ್ಜಿಯ ಕೂಲಿ, ಮಕ್ಕಳ ಟ್ಯೂಷನ್ನು.

ಸರ್ಕಾರದ ಬೆಲೆ ಸೂಚ್ಯಂಕ ನೋಡಿ ಊರು ಹೋಲಿಸಲಾ ಅಂತಲೂ ಕೇಳಿದ್ದೀರಿ. ಬೇಡ. ಒಂದು ಕಡೆ ಮೂಲ ವರ್ಷದಿಂದ ಈಚೆಗೆ ಬೆಲೆ ಎಷ್ಟು ಏರಿದೆ ಅಂತ ಅದು ಹೇಳುತ್ತೆ ಅಷ್ಟೆ. ಸೂಚ್ಯಂಕ ಹೆಚ್ಚಿರುವ ಊರೇ ದುಬಾರಿ ಅಂತ ಅರ್ಥ ಅಲ್ಲ.

ಚಿಕ್ಕಮಗಳೂರು ಕಡೆ ತೋಟದ ನಡುವೆ ಮನೆ ಮಾಡಿದರೆ ಇನ್ನೂ ಉಳಿಯುತ್ತಾ ಅಂದರೆ, ನನಗೆ ನಂಬಿಕೆ ಇಲ್ಲ. ನಾದಿನಿ ಮೂಡಿಗೆರೆಯಲ್ಲಿದ್ದಾಳೆ. ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಯೂನಿಫಾರಂ ಒಣಗಿಸುತ್ತಾಳೆ, ಸೌದೆಗೆ ಬೇರೆ ದುಡ್ಡು. ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ, ಮನೆಯಿಂದ ಕೆಲಸ ಅಂದರೆ ಯುಪಿಎಸ್ಸೂ ಬೇಕು, ಎರಡನೇ ಇಂಟರ್‌ನೆಟ್ಟೂ ಬೇಕು. ಅವಳಿದ್ದ ಮೊದಲಿನ ಬಾಡಿಗೆ ಮನೆಯನ್ನು ಮಾಲೀಕರು ಹೋಂಸ್ಟೇ ಮಾಡಬೇಕು ಅಂತ ಬಿಡಿಸಿದರು. ಕಾಫಿ ಬೆಳೆಯುವ ಊರಲ್ಲಿ ಕಾಫಿಪುಡಿಯಾದರೂ ಅಗ್ಗವಾ ಅಂದರೆ ಅದೂ ಇಲ್ಲ, ಅರೇಬಿಕಾ ಕಾಫಿಯ ಬೆಲೆಗೆ ನ್ಯೂಯಾರ್ಕ್ ಮಾರುಕಟ್ಟೆ ಕಡೆ, ರೋಬಸ್ಟಾದ್ದಕ್ಕೆ ಲಂಡನ್ ಮಾರುಕಟ್ಟೆ ಕಡೆ ನೋಡಬೇಕು.

ಹಾಗಾಗಿ ಯಾವ ಊರು ಅಗ್ಗ ಅನ್ನುವ ಪ್ರಶ್ನೆಯನ್ನೇ ಬಿಡಿ. ನಿಮ್ಮ ಸಂಬಳದಲ್ಲಿ ಎಷ್ಟು ದುಡ್ಡು ಊರೊಳಗೆ ಖರ್ಚಾಗುತ್ತೆ ಅಂತ ಬರೆದುಕೊಳ್ಳಿ. ಆಮೇಲೆ ಎಚ್‌ಆರ್‌ನವರಿಗೆ ಹೇಳಿ: ಬಾಡಿಗೆ ಭತ್ಯೆ ಬೇಕಾದರೆ ಇಳಿಸಿ, ಮೂಲ ವೇತನ ಮುಟ್ಟಬೇಡಿ. ಬಾಯಿಮಾತು ಸಾಲದು, ಇಮೇಲ್‌ನಲ್ಲಿ ಬರಲಿ. ಒಪ್ಪದಿದ್ದರೆ ಇಲ್ಲಿವರೆಗಿನ ವರ್ಷಗಳ ಗ್ರಾಚ್ಯುಟಿಯನ್ನು ಹಳೆಯ ಸಂಬಳದ ಮೇಲೆ ಕೊಡುತ್ತೇವೆ ಅಂತಾದರೂ ಪತ್ರದಲ್ಲಿ ಬರೆಸಿಕೊಳ್ಳಿ. ಈಗಿನ ಮೂಲ ವೇತನ, ಪತ್ರದಲ್ಲಿರುವ ಹೊಸ ಮೂಲ ವೇತನ, ಎಷ್ಟು ವರ್ಷದ ಸರ್ವೀಸು, ಈ ಮೂರನ್ನು ಕಂಪನಿಯ ಹೆಸರಿಲ್ಲದೆ ಹಾಕಿದರೆ ಲೆಕ್ಕ ನಾನೇ ಮಾಡಿಕೊಡ್ತೀನಿ.