ಅಗ್ನಿಶಾಮಕ ದಳಕ್ಕೆ ಹೊಸದಾಗಿ ಸೇರಿದವರಿಗೆ ಕಣ್ಣು ಕಟ್ಟಿ ತೆವಳುವ ತರಬೇತಿ ಕೊಡುವುದೇಕೆ?

ಉರಿಯುತ್ತಿರುವ ಕಟ್ಟಡದೊಳಗೆ ಕಣ್ಣು ಕೆಲಸಕ್ಕೆ ಬರುವುದಿಲ್ಲ, ಅದಕ್ಕೇ. ದಟ್ಟ ಹೊಗೆಯಲ್ಲಿ ಮುಖದ ಮುಂದೆ ಹಿಡಿದ ಕೈಯೂ ಕಾಣದು. ಬಿಸಿ ಹೊಗೆ ಹಗುರ. ಮೇಲೇರಿ ಚಾವಣಿಯಡಿ ತುಂಬಿಕೊಂಡು, ಅಲ್ಲಿಂದ ಕೆಳಗಿಳಿಯುತ್ತಾ ಬರುತ್ತದೆ. ಆ ಪದರದ ಉಷ್ಣತೆ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕೋಣೆಯಲ್ಲಿರುವುದೆಲ್ಲ ಒಮ್ಮೆಲೇ ಹೊತ್ತಿಕೊಳ್ಳಬಹುದು. ನೆಲದ ಬಳಿ ಮಾತ್ರ ತುಸು ತಂಪು. ಆದ್ದರಿಂದ ಕಲಿಯುವವರು ಮಂಡಿಯೂರಿ, ಒಂದು ಕೈಯನ್ನು ಗೋಡೆಗೆ ತಾಗಿಸಿಕೊಂಡೇ ಸಾಗುತ್ತಾರೆ. ಬಲಗೈಯನ್ನು ಗೋಡೆಗಿಟ್ಟು ಒಳಹೋದವರು, ಹಿಂದಕ್ಕೆ ತಿರುಗಿ ಅದೇ ಗೋಡೆಯನ್ನು ಎಡಗೈಯಿಂದ ಸವರುತ್ತಾ ಬಂದರೆ ಹೊಕ್ಕ ಬಾಗಿಲೇ ಸಿಗುತ್ತದೆ.

ಇನ್ನೊಂದು ಕಾರಣ, ನನ್ನ ಪ್ರಕಾರ ಇದೇ ಹೆಚ್ಚು ಮುಖ್ಯವಾದದ್ದು, ಉಸಿರು. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಶುದ್ಧ ಆಮ್ಲಜನಕವಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. 30 ನಿಮಿಷಕ್ಕೆಂದು ಗುರುತಿಸಿದ ಸಿಲಿಂಡರ್ ಗಾಬರಿಯಿಂದ ಏದುಸಿರು ಬಿಡುವವರಿಗೆ 20 ನಿಮಿಷವೂ ಬಾರದಿರಬಹುದು. ಕತ್ತಲಿಗೆ ಮೊದಲೇ ಒಗ್ಗಿಕೊಂಡವರು ನಿಧಾನವಾಗಿ ಉಸಿರಾಡುತ್ತಾರೆ, ಒಳಗೆ ಸಿಲುಕಿದವರನ್ನು ಅಷ್ಟು ಹೆಚ್ಚು ಹೊತ್ತು ಹುಡುಕಬಲ್ಲರು. ದಳ ಸೇರಬೇಕೆಂದಿರುವವರು ತೋಳಿನ ಬಲ ಒಂದನ್ನೇ ಬೆಳೆಸದೆ, ಭಾರ ಹೊತ್ತು ಮೆಟ್ಟಿಲು ಹತ್ತುವಾಗಲೂ ಉಸಿರನ್ನು ಹಿಡಿತದಲ್ಲಿಡುವ ಅಭ್ಯಾಸವನ್ನು ಈಗಲೇ ಶುರುಮಾಡಿ.